ಸೇಂಟ್ ಸರ್ವಾನಿನಿಂದ ಹೊಸೂರು ರಸ್ತೆಗೆ: ಬಡವರ ಪುಟ್ಟ ಸೋದರಿಯರ ವೃದ್ಧಸೇವೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮ ಆರಂಭವಾದದ್ದು 1900ರಲ್ಲಿ. ಅದನ್ನು ಅಂದಿನಿಂದಲೂ ನಡೆಸಿಕೊಂಡು ಬಂದವರು ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಧರ್ಮಭಗಿನಿಯರ ಸಂಘದವರು. ಬಡವರ ಪುಟ್ಟ ಸೋದರಿಯರು ಎಂದು ತಮ್ಮನ್ನು ಕರೆದುಕೊಂಡ ಇವರು ಒಂದೇ ಒಂದು ಕೆಲಸಕ್ಕಾಗಿ ಒಟ್ಟುಗೂಡಿದವರು. ದುಡಿಯುವ ಶಕ್ತಿ ಹೋದ, ಕೈಯಲ್ಲಿ ಕಾಸಿಲ್ಲದ, ನೋಡಿಕೊಳ್ಳುವವರಿಲ್ಲದ ಮುದುಕ ಮುದುಕಿಯರನ್ನು ಮನೆಗೆ ಕರೆತಂದು ಕೊನೆಯುಸಿರಿನವರೆಗೂ ಸಾಕುವುದೇ ಆ ಕೆಲಸ. ಶಾಲೆ, ಆಸ್ಪತ್ರೆ, ಅನಾಥಾಲಯ ಹೀಗೆ ಹಲವು ದಿಕ್ಕಿಗೆ ಹರಡಿಕೊಂಡ ಸಂಘಗಳು ಬಹಳ ಇವೆ. ಇವರು ಹರಡಿಕೊಳ್ಳಲಿಲ್ಲ. ನೂರ ಇಪ್ಪತ್ತೈದು ವರ್ಷ ತುಂಬಿದ ಈ ಹೊತ್ತಿನಲ್ಲಿ ಬೆಂಗಳೂರಿನ ಮನೆಯ ಕಥೆಯನ್ನು ಹೇಳಬೇಕಾದರೆ ಫ್ರಾನ್ಸಿನ ಬ್ರಿಟನಿ ಕರಾವಳಿಯಿಂದಲೇ ತೊಡಗಬೇಕು. ಇಲ್ಲಿನ ನಡಾವಳಿಗಳಲ್ಲಿ ಮುಖ್ಯವಾದವೆಲ್ಲ ಅಲ್ಲಿ, ಒಂದು ಇಕ್ಕಟ್ಟಾದ ಅಟ್ಟದ ಮೇಲೆ ಹುಟ್ಟಿದಂಥವು.

1792–1839: ಮನೆಗೆಲಸದಾಕೆಯ ಬದುಕು

ಸಂಸ್ಥಾಪಕಿ ಜೀನ್ ಜುಗಾನ್ ಹುಟ್ಟಿದ್ದು 1792ರ ಅಕ್ಟೋಬರ್ 25ರಂದು, ಕಾಂಕಾಲ್ ಎಂಬ ಮೀನುಗಾರರ ಊರಿನಲ್ಲಿ. ಫ್ರಾನ್ಸಿನ ಕ್ರಾಂತಿಯ ಬಿರುಗಾಳಿ ಬೀಸುತ್ತಿದ್ದ ಕಾಲ. ಆಕೆ ಇನ್ನೂ ಪುಟ್ಟ ಮಗುವಾಗಿದ್ದಾಗ ತಂದೆ ಮೀನು ಹಿಡಿಯಲು ಹೋದವರು ಕಡಲಿನಿಂದ ಮರಳಲಿಲ್ಲ. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದರು. ಹದಿಹರೆಯದಲ್ಲೇ ಜೀನ್ ಒಂದು ಶ್ರೀಮಂತ ಮನೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಮದುವೆಗೆಂದು ಬಂದ ನಾವಿಕನೊಬ್ಬನಿಗೆ ಒಲ್ಲೆ ಎಂದರು.

1817ರಲ್ಲಿ ಪಕ್ಕದ ಸೇಂಟ್ ಸರ್ವಾನ್ ಪಟ್ಟಣಕ್ಕೆ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಸುಮಾರು ಆರು ವರ್ಷ ರೋಗಿಗಳ ಸೇವೆ ಮಾಡಿದರು. ಅದರಿಂದ ತಮ್ಮ ಆರೋಗ್ಯವೇ ಕೆಟ್ಟಿತು. ಬಳಿಕ ಹನ್ನೆರಡು ವರ್ಷ ಲೆಕಾಕ್ ಎಂಬ ಮಹಿಳೆಯ ಮನೆಯಲ್ಲಿದ್ದರು. ಹೆಸರಿಗೆ ಅದು ಮನೆಗೆಲಸ. ಅವರಿಬ್ಬರೂ ಬದುಕಿದ್ದು ಅಕ್ಕತಂಗಿಯರ ಹಾಗೆ. 1835ರಲ್ಲಿ ಆ ಮಹಿಳೆ ತೀರಿಕೊಂಡಾಗ ಜೀನ್ ಅವರ ಪಾಲಿಗೆ ಸ್ವಲ್ಪ ಹಣ ಮತ್ತು ಒಂದಿಷ್ಟು ಪೀಠೋಪಕರಣ ಬಿಟ್ಟುಹೋದರು.

ಮುಂದಿನದನ್ನು ಅರಿಯಲು ಈ ಹಿನ್ನೆಲೆ ಬೇಕು. ಈ ಸಂಸ್ಥೆಯನ್ನು ಕಟ್ಟಿದಾಕೆ ಸುಮಾರು ಮೂರು ದಶಕ ಕಾಲ ಪರರಿಗಾಗಿ ದುಡಿದಿದ್ದರು. ಹಾಸಿಗೆ ಬದಲಿಸುವುದು, ಗಂಜಿ ಕುಡಿಸುವುದು, ಮೈ ಒರೆಸುವುದು, ಮುದಿತನದ ಸಿಡುಕನ್ನು ತಾಳಿಕೊಳ್ಳುವುದು ಎಲ್ಲವೂ ಕೈಗೆ ಪಳಗಿದ್ದವು. ದಯೆಯಿಂದ ಸಂಸ್ಥೆ ಕಟ್ಟಲು ಹೊರಟ ಬಹಳ ಮಂದಿಗೆ ಈ ಕಲೆ ತಿಳಿದಿರುವುದಿಲ್ಲ. ಇವರಿಗೆ ಕಲೆ ಮೊದಲು ಬಂದಿತ್ತು, ಸಂಸ್ಥೆ ಆಮೇಲೆ ಬಂತು.

1839–1845: ಒಂದು ಹಾಸಿಗೆ, ಒಂದು ಬುಟ್ಟಿ

ಸೇಂಟ್ ಸರ್ವಾನ್ ನಾವಿಕರ ಊರು. ಕಡಲಿಗೆ ಹೋದ ಗಂಡಸರು ಸತ್ತರೆ ಹಿಂದೆ ಉಳಿಯುತ್ತಿದ್ದವರು ವಿಧವೆಯರು. ವಯಸ್ಸಾದ ಮೇಲೆ ಅವರಿಗೆ ಇದ್ದ ದಾರಿ ಬೀದಿಯಲ್ಲಿ ಬೇಡುವುದೊಂದೇ. ಜೀನ್ ಅವರು ಫ್ರಾನ್ಸ್ವಾಸ್ ಓಬೆರ್ ಎಂಬ ವೃದ್ಧೆಯೊಂದಿಗೂ ವಿರ್ಜಿನಿ ತ್ರೆದಾನಿಯೆಲ್ ಎಂಬ ಹದಿಹರೆಯದ ಅನಾಥ ಹುಡುಗಿಯೊಂದಿಗೂ ಒಂದು ಬಾಡಿಗೆ ಮನೆಯ ಅಟ್ಟದಲ್ಲಿ ವಾಸವಾಗಿದ್ದರು. ಹೊರಗೆ ಬಟ್ಟೆ ಒಗೆದು, ನೂಲು ತೆಗೆದು ಸಂಸಾರ ಸಾಗುತ್ತಿತ್ತು.

1839ರ ಚಳಿಗಾಲದಲ್ಲಿ ಆನ್ ಶೋವಾನ್ ಎಂಬ ಕುರುಡು ಮುದುಕಿಯ ಸಂಗತಿ ಜೀನ್ ಅವರ ಕಿವಿಗೆ ಬಿತ್ತು. ಲಕ್ವ ಬೇರೆ ಹೊಡೆದಿತ್ತು. ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದ ತಂಗಿಯೂ ಆಸ್ಪತ್ರೆ ಸೇರಿದ್ದಳು. ಜೀನ್ ಆಕೆಯನ್ನು ಹೊತ್ತು, ಕಡಿದಾದ ಮೆಟ್ಟಿಲು ಹತ್ತಿ, ಅಟ್ಟಕ್ಕೆ ತಂದು ತಮ್ಮ ಹಾಸಿಗೆಯ ಮೇಲೆಯೇ ಮಲಗಿಸಿದರು. ತಾವು ಮಲಗಿದ್ದು ಬೇರೆ ಮೂಲೆಯಲ್ಲಿ. ಆಗ ಅವರ ವಯಸ್ಸು 47. ಸ್ವಲ್ಪ ದಿನಕ್ಕೆ ಇನ್ನೊಬ್ಬ ಮುದುಕಿ ಬಂದಳು. ಯಜಮಾನರು ದಿವಾಳಿಯಾದರೂ ಬಿಟ್ಟುಹೋಗದೆ, ತನ್ನ ಉಳಿತಾಯವನ್ನೆಲ್ಲ ಅವರಿಗೇ ಸುರಿದು, ಕೊನೆಗೆ ಬೀದಿಗೆ ಬಿದ್ದ ಸೇವಕಿ ಆಕೆ.

ಮರೀ ಜಾಮೆ ಮೊದಲಾದ ಊರಿನ ಕೆಲವು ಹುಡುಗಿಯರು ಬಿಡುವಿದ್ದಾಗಲೆಲ್ಲ ಬಂದು ಕೈಜೋಡಿಸಿದರು. ಓಗುಸ್ತ್ ಲ ಪಾಯೂರ್ ಎಂಬ ಯುವ ಗುರುಗಳು ಈ ಪುಟ್ಟ ಗುಂಪಿಗೆ ಮಾರ್ಗದರ್ಶಕರಾದರು. 1841ರಲ್ಲಿ ಹಿಂದೆ ಹೆಂಡದಂಗಡಿಯಾಗಿದ್ದ ಒಂದು ನೆಲಮಟ್ಟದ ಕೋಣೆ ಬಾಡಿಗೆಗೆ ಸಿಕ್ಕಿತು. ಹನ್ನೆರಡು ಮುದುಕಿಯರಿಗೆ ಅಲ್ಲಿ ಜಾಗವಾಯಿತು. ಮರುವರ್ಷ ಪಾಳುಬಿದ್ದ ಹಳೆಯ ಕನ್ಯಾಮಠವೊಂದನ್ನು ಕೊಂಡರು. ನೆಲಮಾಳಿಗೆಯ ತೇವದಲ್ಲಿ ಒಬ್ಬಂಟಿಯಾಗಿ ಬಿದ್ದಿದ್ದ ಮುದಿ ನಾವಿಕನೊಬ್ಬನನ್ನು ಕರೆತಂದ ಮೇಲೆ ಮನೆಯ ಬಾಗಿಲು ಗಂಡಸರಿಗೂ ತೆರೆಯಿತು. ಬಾಡಿಗೆಯ ಕೋಣೆ ಬಿಟ್ಟು ಸ್ವಂತ ಸೂರಿಗೆ ಬಂದದ್ದು ಸಂಸ್ಥೆಯ ಮೊದಲ ದೊಡ್ಡ ಹೆಜ್ಜೆ.

ಸೂರು ಸಿಕ್ಕಿತು. ದಿನದಿನದ ಊಟ ಎಲ್ಲಿಂದ? ಆ ಮುದುಕಿಯರಲ್ಲಿ ಹಲವರು ಹಳೆಯ ಅಭ್ಯಾಸದಂತೆ ದಿನಾ ಬೀದಿಗೆ ಹೋಗಿ ಬೇಡುತ್ತಿದ್ದರು. ಬೀದಿಯಲ್ಲಿ ಅವಮಾನವಿತ್ತು, ಚಳಿಯಿತ್ತು, ಕುಡಿತಕ್ಕೆ ಎಳೆಯುವವರೂ ಇದ್ದರು. ಜೀನ್ ಅವರು ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಯಾವ ಯಾವ ಮನೆಯವರು ನಿಮಗೆ ಕೊಡುತ್ತಿದ್ದರು ಎಂದು ಕೇಳಿ ತಿಳಿದುಕೊಂಡರು. ಮಾರನೆಯ ದಿನ ಅದೇ ಬಾಗಿಲುಗಳ ಮುಂದೆ ಬುಟ್ಟಿ ಹಿಡಿದು ತಾವೇ ನಿಂತರು. ಇನ್ನು ಮುಂದೆ ಆ ಅಜ್ಜಿಯ ಬದಲು ನಾನು ಬರುತ್ತೇನೆ, ಅವಳಿಗೆ ಕೊಡುತ್ತಿದ್ದುದನ್ನು ನನಗೆ ಕೊಡಿ ಎಂಬುದು ಅವರ ಕೋರಿಕೆ. ದೇವರ ಸಂತ ಜಾನರ ಸಭೆಯ ಸೋದರರೊಬ್ಬರು ಮೊದಲ ಬುಟ್ಟಿಯನ್ನು ಕೊಟ್ಟರೆಂದು ಸಂಘದ ಪರಂಪರೆ ನೆನೆಯುತ್ತದೆ.

ನನ್ನ ಮಟ್ಟಿಗೆ ಈ ಸಂಸ್ಥೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಮುದುಕರಿಗೆ ಅನ್ನ ಹಾಕಿದವರು ಎಲ್ಲ ಕಾಲದಲ್ಲೂ ಇದ್ದಾರೆ. ಬೇಡುವ ನಾಚಿಕೆಯನ್ನು ಅವರ ಹೆಗಲಿನಿಂದ ಇಳಿಸಿ ತಮ್ಮ ಹೆಗಲಿಗೆ ಏರಿಸಿಕೊಂಡವರು ವಿರಳ. ಒಮ್ಮೆ ಯಾರೋ ಸಿಟ್ಟಿನಲ್ಲಿ ಕೆನ್ನೆಗೆ ಹೊಡೆದರಂತೆ. ಇದು ನನಗಾಯಿತು, ನನ್ನ ಬಡವರಿಗೂ ಏನಾದರೂ ಕೊಡಿ ಎಂದು ಜೀನ್ ಶಾಂತವಾಗಿ ಕೇಳಿದರೆಂಬ ಕಥೆಯನ್ನು ಸೋದರಿಯರು ಇಂದಿಗೂ ಹೇಳುತ್ತಾರೆ. ಕನ್ನಡ ನಾಡಿನ ಓದುಗರಿಗೆ ಇದು ಅಪರಿಚಿತ ಲೋಕವಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಕಟ್ಟಿದ್ದನ್ನು ಬಲ್ಲವರಿಗೆ ಆ ಬುಟ್ಟಿಯ ಘನತೆ ಬಿಡಿಸಿ ಹೇಳಬೇಕಾಗಿಲ್ಲ.

1845ರ ಡಿಸೆಂಬರಿನಲ್ಲಿ ಫ್ರೆಂಚ್ ಅಕಾಡೆಮಿ ಜೀನ್ ಅವರಿಗೆ ಮೊಂತಿಯೋನ್ ಬಹುಮಾನ ನೀಡಿತು. ಸದ್ಗುಣಕ್ಕೆಂದು ಬಡ ಫ್ರೆಂಚರಿಗೆ ಕೊಡುತ್ತಿದ್ದ ಆ ಗೌರವದ ಮೊತ್ತ 3,000 ಫ್ರಾಂಕ್. ಹಣ ಮನೆಯ ಖರ್ಚಿಗೆ ಹೋಯಿತು. ಅಕಾಡೆಮಿಯಲ್ಲಿ ಓದಿದ ಪ್ರಶಂಸೆಯ ಅಚ್ಚುಪ್ರತಿ ಮಾತ್ರ ಮುಂದೆ ಬಹಳ ಉಪಯೋಗಕ್ಕೆ ಬಂತು. ಹೊಸ ಊರಿಗೆ ಹೋದಾಗ ಜೀನ್ ಅದನ್ನೇ ಗುರುತಿನ ಪತ್ರವಾಗಿ ತೋರಿಸುತ್ತಿದ್ದರು.

1846–1890: ಊರಿಂದೂರಿಗೆ

1846ರಲ್ಲಿ ರೆನ್ ಮತ್ತು ದಿನಾನ್, ಆಮೇಲೆ ತೂರ್, ಆಂಜೆ. ಹೀಗೆ ಮನೆಗಳು ಒಂದಾದ ಮೇಲೊಂದು ತೆರೆದವು. 1851ರಲ್ಲಿ ಸೋದರಿಯರು ಕಡಲು ದಾಟಿ ಲಂಡನ್ನಿಗೆ ಹೋದರು. ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆ ಮರುವರ್ಷವೇ ಇವರ ಕುರಿತು ಲೇಖನ ಪ್ರಕಟಿಸಿತು. ಆ ಕಾಲದ ಬರಹಗಳೆಲ್ಲ ಬೆರಗಿನಿಂದ ನೋಡಿದ್ದು ಇವರ ಗೃಹಕೃತ್ಯದ ಜಾಣ್ಮೆಯನ್ನು. ಹೋಟೆಲುಗಳಲ್ಲಿ ಒಮ್ಮೆ ಬಳಸಿದ ಕಾಫಿಪುಡಿಯ ಚರಟವನ್ನು ತಂದು ಮತ್ತೆ ಕುದಿಸಿ ಮುದುಕರಿಗೆ ಬಿಸಿ ಕಾಫಿ ಮಾಡುತ್ತಿದ್ದರು. ಉಳಿದ ಬ್ರೆಡ್ಡು ಸಾರಿಗೆ ಸೇರುತ್ತಿತ್ತು, ಹರಿದ ಬಟ್ಟೆ ತೇಪೆಯಾಗುತ್ತಿತ್ತು. ಊಟಕ್ಕೆ ಮೊದಲು ಕೂರುತ್ತಿದ್ದವರು ಮುದುಕರು. ಸೋದರಿಯರದು ಆಮೇಲೆ.

1854ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಸಂಘಕ್ಕೆ ಮನ್ನಣೆ ಕೊಟ್ಟರು. 1856ರಲ್ಲಿ ಸೇಂಟ್ ಪೆರ್ನ್ ಎಂಬ ಹಳ್ಳಿಯ ಬಳಿ ‘ಲಾ ತೂರ್ ಸೇಂಟ್ ಜೋಸೆಫ್’ ಎಂಬ ದೊಡ್ಡ ಆಸ್ತಿಯನ್ನು ಕೊಂಡು ಅಲ್ಲಿ ಮಾತೃಗೃಹ ಕಟ್ಟಿದರು. ಹೊಸದಾಗಿ ಸೇರಿದವರಿಗೆ ತರಬೇತಿ ಇಂದಿಗೂ ಅಲ್ಲಿನ ಪರಂಪರೆ. 1868ರಲ್ಲಿ ಅಮೆರಿಕದ ಬ್ರೂಕ್ಲಿನ್‌ಗೆ ಹಡಗು ಹತ್ತಿದರು.

ಈ ಬೆಳವಣಿಗೆಯ ನಡುವೆ ಸಂಘದೊಳಗೆ ನಡೆದ ಒಂದು ಬದಲಾವಣೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1843ರ ಡಿಸೆಂಬರಿನಲ್ಲಿ ಸೋದರಿಯರು ಜೀನ್ ಅವರನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದ್ದರು. ಲ ಪಾಯೂರ್ ಗುರುಗಳು ಆ ಆಯ್ಕೆಯನ್ನು ಬದಿಗಿಟ್ಟು 23 ವರ್ಷದ ಮರೀ ಜಾಮೆಗೆ ಹೊಣೆ ವಹಿಸಿದರು. ಜೀನ್ ಅವರಿಗೆ ಬುಟ್ಟಿ ಹಿಡಿದು ಊರೂರು ಸುತ್ತುವ ಕೆಲಸ ಉಳಿಯಿತು. 1852ರಲ್ಲಿ ಅದೂ ನಿಂತು ಆಗಿನ ಮಾತೃಗೃಹಕ್ಕೆ ಕರೆ ಬಂತು. ಅಲ್ಲಿಂದ ಮುಂದೆ ಇಪ್ಪತ್ತೇಳು ವರ್ಷ ಅವರು ಹೊಸಬರ ನಡುವೆ ಸದ್ದಿಲ್ಲದೆ ಬದುಕಿದರು. ಈಕೆಯೇ ಸಂಸ್ಥಾಪಕಿ ಎಂಬುದು ಆ ಎಳೆಯ ಹುಡುಗಿಯರಲ್ಲಿ ಬಹುಪಾಲು ಮಂದಿಗೆ ಗೊತ್ತಿರಲಿಲ್ಲ. ಗುರುಗಳ ಸಂಘಟನಾ ಶಕ್ತಿ ಇಲ್ಲದಿದ್ದರೆ ಇಷ್ಟು ಬೇಗ ಇಷ್ಟು ಮನೆಗಳು ಏಳುತ್ತಿರಲಿಲ್ಲ ಎಂಬುದು ನಿಜ. ಸಂಸ್ಥಾಪಕಿಗೆ ಸಲ್ಲಬೇಕಾದ ಸ್ಥಾನ ಬಹುಕಾಲ ಸಲ್ಲಲಿಲ್ಲ ಎಂಬುದೂ ಅಷ್ಟೇ ನಿಜ. 1890ರಲ್ಲಿ ರೋಮಿನ ವಿಚಾರಣೆಯ ಬಳಿಕ ಗುರುಗಳು ಹೊಣೆಯಿಂದ ಹೊರಬಂದರು. ಸಂಸ್ಥಾಪಕಿ ಯಾರೆಂಬುದರ ದಾಖಲೆಗಳು ಒಂದೊಂದಾಗಿ ಸರಿಹೋದವು. ಮರೀ ಜಾಮೆ ತಮ್ಮ ಕೊನೆಗಾಲದಲ್ಲಿ ಜೀನ್ ಅವರ ಹಿರಿತನವನ್ನು ಒಪ್ಪಿಕೊಂಡದ್ದು ಸಂಘದ ನೆನಪಿನಲ್ಲಿ ಉಳಿದಿದೆ.

ಜೀನ್ ತೀರಿಕೊಂಡದ್ದು 1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ. ಅದೇ ವರ್ಷ ಪೋಪ್ ಹದಿಮೂರನೆಯ ಲಿಯೋ ಸಂಘದ ನಿಯಮಾವಳಿಗೆ ಒಪ್ಪಿಗೆ ಕೊಟ್ಟಿದ್ದರು. ಆ ಹೊತ್ತಿಗೆ 2,400 ಸೋದರಿಯರಿದ್ದರು, 177 ಮನೆಗಳಿದ್ದವು.

1865: ನಿಶ್ಚಿತ ಆದಾಯ ಬೇಡವೆಂಬ ತೀರ್ಮಾನ

ಒಂದು ವರ್ಷಕ್ಕೆಂದೇ ಒಂದು ಭಾಗ ಮೀಸಲಿಡುತ್ತಿದ್ದೇನೆ. ಈ ಸಂಘದ ಆಡಳಿತವನ್ನು ಬೇರೆಲ್ಲ ಸಂಸ್ಥೆಗಳಿಂದ ಬೇರೆ ಮಾಡಿದ್ದು ಆ ವರ್ಷದ ಒಂದು ನಿರ್ಧಾರ.

ವರ್ಷವರ್ಷವೂ ಬಡ್ಡಿ ಬರುವಂಥ ಒಂದು ದತ್ತಿಯನ್ನು ದಾನಿಯೊಬ್ಬರು ಕೊಡಲು ಮುಂದೆ ಬಂದರು. ಅಂಥ ದತ್ತಿಗಳು ಕೂಡಿದರೆ ಮನೆಗಳಿಗೆ ಭದ್ರತೆ ಬರುತ್ತದೆ, ದಿನಾ ಬೇಡುವ ಶ್ರಮ ತಪ್ಪುತ್ತದೆ. ಆಡಳಿತ ಮಂಡಳಿಯವರು ಮಾತೃಗೃಹದ ಮೂಲೆಯಲ್ಲಿದ್ದ ಜೀನ್ ಅವರನ್ನೂ ಕರೆದು ಕೇಳಿದರು. ಬೇಡ ಎಂದರು ಅವರು. 1865ರ ಜೂನ್‌ನಲ್ಲಿ ಮಂಡಳಿ ನಿರ್ಧರಿಸಿತು: ವಾಸಕ್ಕೆ ಬೇಕಾದ ಮನೆಗಳನ್ನು ಬಿಟ್ಟರೆ ಸಂಘವು ನಿಶ್ಚಿತ ಆದಾಯದ ಯಾವ ಆಸ್ತಿಯನ್ನೂ ದತ್ತಿಯನ್ನೂ ಇಟ್ಟುಕೊಳ್ಳುವುದಿಲ್ಲ.

ಇಂದಿನ ಲೆಕ್ಕಪರಿಶೋಧಕರಿಗೆ ಇದು ಅಪಾಯಕಾರಿ ಎನಿಸೀತು. ವೃದ್ಧರ ಆರೈಕೆ ವರ್ಷಗಟ್ಟಲೆ ಎಳೆಯುವ ಕೆಲಸ. ಇಂದು ಸೇರಿಸಿಕೊಂಡ ಅಜ್ಜಿಯನ್ನು ಹದಿನೈದು ವರ್ಷವೂ ಸಾಕಬೇಕಾಗಬಹುದು. ಕೈಯಲ್ಲಿ ಇಡುಗಂಟಿಲ್ಲದೆ ಅಷ್ಟು ದೂರದ ಮಾತು ಕೊಡುವುದು ಹೇಗೆ? ಒಂದೂವರೆ ಶತಮಾನದ ಅನುಭವ ಇದಕ್ಕೆ ಉತ್ತರ ಕೊಟ್ಟಿದೆ. ಇಡುಗಂಟು ಇದ್ದ ಸಂಸ್ಥೆ ಊರನ್ನು ಮರೆಯಬಹುದು, ಊರೂ ಅದನ್ನು ಮರೆಯಬಹುದು. ವಾರವಾರವೂ ಮಾರುಕಟ್ಟೆಗೆ ಹೋಗಿ ಕೇಳಲೇಬೇಕಾದ ಸಂಸ್ಥೆಯನ್ನು ತರಕಾರಿ ಅಂಗಡಿಯವರೂ ಅಕ್ಕಿ ವ್ಯಾಪಾರಿಯೂ ಮರೆಯಲಾರರು. ಮುದುಕರಿಗೆ ಏನು ಬಡಿಸುತ್ತಿದ್ದಾರೆ, ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ಊರು ಕೇಳುತ್ತಲೇ ಇರುತ್ತದೆ. ಮುಚ್ಚಿದ ಗೋಡೆಗಳ ಹಿಂದೆ ವೃದ್ಧರು ನರಳಿದ ಸುದ್ದಿಗಳನ್ನು ಆಗಾಗ ಓದುವ ನಮಗೆ ಈ ಬಗೆಯ ಕಣ್ಗಾವಲಿನ ಬೆಲೆ ತಿಳಿಯಬೇಕು.

ಸೋದರಿಯರಿಗೆ ಸಂತ ಜೋಸೆಫರ ಮೇಲಿರುವ ಭರವಸೆಯೂ ಇದೇ ಬೇರಿನದು. ಮನೆಯಲ್ಲಿ ಏನು ಮುಗಿದಿದೆಯೋ ಅದರದೊಂದು ತುಣುಕನ್ನು, ಆಲೂಗಡ್ಡೆಯಾದರೆ ಆಲೂಗಡ್ಡೆ, ಅಕ್ಕಿಯಾದರೆ ಹಿಡಿ ಅಕ್ಕಿ, ಸಂತರ ಪ್ರತಿಮೆಯ ಮುಂದೆ ಇಡುವುದು ಇವರ ಎಲ್ಲ ಮನೆಗಳ ಪದ್ಧತಿ.

1882–1900: ಕಲ್ಕತ್ತೆಯಿಂದ ಬೆಂಗಳೂರಿಗೆ

ಭಾರತದಲ್ಲಿ ಸಂಘದ ಮೊದಲ ಮನೆ 1882ರಲ್ಲಿ ಕಲ್ಕತ್ತೆಯಲ್ಲಿ ತೆರೆಯಿತು. ಇಲ್ಲಿ ಒಂದು ಮಾತು. ಮದರ್ ತೆರೇಸಾ ಲೊರೆಟೊ ಮಠವನ್ನು ಬಿಟ್ಟು, ಪಾಟ್ನಾದಲ್ಲಿ ಶುಶ್ರೂಷೆಯ ತರಬೇತಿ ಮುಗಿಸಿ, 1948ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಮರಳಿದಾಗ ಅವರಿಗೆ ಆರಂಭದ ದಿನಗಳಲ್ಲಿ ತಂಗಲು ಜಾಗ ಕೊಟ್ಟದ್ದು ಪುಟ್ಟ ಸೋದರಿಯರ ಈ ವೃದ್ಧಾಶ್ರಮವೇ.

ಬೆಂಗಳೂರಿನ ಮನೆ 1900ರದು. ಅಂದಿನ ಊರಿನ ಚಿತ್ರ ಕಣ್ಣಮುಂದೆ ಬರಬೇಕು. ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದು. 1898ರಲ್ಲಿ ಕಾಲಿಟ್ಟ ಪ್ಲೇಗು ಎರಡು ಕಡೆಯೂ ಮನೆಗಳನ್ನು ಬರಿದು ಮಾಡಿತ್ತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತಲೆ ಎತ್ತುತ್ತಿದ್ದುದು ಆ ದಿನಗಳಲ್ಲೇ. ದುಡಿಯುವ ಮಗನನ್ನೋ ಸೊಸೆಯನ್ನೋ ಪ್ಲೇಗಿಗೆ ಕೊಟ್ಟ ಮುದುಕರ ಗತಿ ಏನಾಗಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ. ದಂಡಿನ ಬದುಕು ನಿಂತಿದ್ದು ಬಟ್ಲರ್, ಆಯಾ, ಅಡುಗೆಯವರು, ಕುದುರೆ ಲಾಯದವರು, ದರ್ಜಿಗಳ ದುಡಿಮೆಯ ಮೇಲೆ. ದೊರೆಗಳು ಪಿಂಚಣಿ ಪಡೆದು ಹಡಗು ಹತ್ತುತ್ತಿದ್ದರು. ಇವರಿಗೆ ಪಿಂಚಣಿಯೂ ಇರಲಿಲ್ಲ, ಎಷ್ಟೋ ಮಂದಿಗೆ ಹಿಂದಿರುಗಲು ಊರೂ ಇರಲಿಲ್ಲ. ಇನ್ನು ಆಂಗ್ಲೋ ಇಂಡಿಯನ್ ವಿಧವೆಯರು. ಎರಡು ಸಮಾಜಗಳ ನಡುವೆ ಎರಡಕ್ಕೂ ಸಲ್ಲದೆ ಉಳಿದವರು.

ಆಗಿನ ಮೈಸೂರು ಧರ್ಮಪ್ರಾಂತ್ಯವನ್ನು ನಡೆಸುತ್ತಿದ್ದವರು ಫ್ರಾನ್ಸಿನ ಮಿಷನರಿ ಗುರುಗಳು. ಗುಡ್ ಶೆಫರ್ಡ್ ಸೋದರಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದಿದ್ದರು. 1900ರಲ್ಲೇ ವಿಕ್ಟೋರಿಯಾ ಆಸ್ಪತ್ರೆಯೂ ಬಂತು. ಕಾಯಿಲೆ ಬಿದ್ದವರಿಗೆ ಹೀಗೆ ಬಾಗಿಲುಗಳು ತೆರೆಯುತ್ತಿದ್ದವು. ಮುದಿತನಕ್ಕೆ ಔಷಧವಿಲ್ಲ, ಆಸ್ಪತ್ರೆಯಲ್ಲಿ ಅದಕ್ಕೆ ಹಾಸಿಗೆಯೂ ಇಲ್ಲ. ಗುಣವಾಗಿ ಮನೆಗೆ ಹೋಗುವ ಮಾತಿಲ್ಲದವರಿಗೆ ಒಂದು ಮನೆಯೇ ಬೇಕಿತ್ತು. ಹೊಸೂರು ರಸ್ತೆಯಲ್ಲಿ ಸೋದರಿಯರು ಕಟ್ಟಿದ್ದು ಅದನ್ನು. ಅರವತ್ತು ದಾಟಿದ, ಬಡವರಾದ ಯಾರೇ ಆಗಲಿ ಬರಬಹುದು. ಧರ್ಮ, ಜಾತಿ, ಭಾಷೆಯ ಪ್ರಶ್ನೆ ಇಲ್ಲ.

ಮನೆಯ ಒಳಗೆ

ಸಂಘದ ಹಳೆಯ ಕಟ್ಟಡಗಳನ್ನು ಎಲ್ಲಿ ನೋಡಿದರೂ ಒಂದು ಕುಟುಂಬದವು ಎಂದು ಗೊತ್ತಾಗುತ್ತದೆ. ನಡುವೆ ಪ್ರಾರ್ಥನಾಲಯ, ಒಂದು ಕಡೆ ಗಂಡಸರ ವಿಭಾಗ, ಇನ್ನೊಂದು ಕಡೆ ಹೆಂಗಸರದು. ಮಂಚದಿಂದ ಏಳಲಾರದವರಿಗೆ ಬೇರೆಯದೇ ಶುಶ್ರೂಷಾ ವಿಭಾಗ. ಹಾಸಿಗೆ ಹಿಡಿದವರೂ ಪ್ರಾರ್ಥನೆಯಿಂದ, ಹಬ್ಬದಿಂದ, ಜನರ ಓಡಾಟದಿಂದ ದೂರವಾಗಬಾರದು ಎಂಬುದು ಈ ನಕ್ಷೆಯ ಹಿಂದಿನ ಯೋಚನೆ.

ಸೋದರಿಯರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಜೊತೆಗೆ ನಾಲ್ಕನೆಯದಾಗಿ ಆತಿಥ್ಯದ ವ್ರತವನ್ನೂ ತೊಡುತ್ತಾರೆ. ಅಂದರೆ ಮುದುಕರು ಈ ಮನೆಯ ಅತಿಥಿಗಳು. ಈ ಮಾತು ಹೇಳುವುದು ಸುಲಭ. ಇದನ್ನು ವರ್ಷದ 365 ದಿನವೂ ಮೂರು ಪಾಳಿಯಲ್ಲಿ ನಡೆಸುವುದರಲ್ಲಿ ಕಷ್ಟವಿದೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ನುಂಗಲು ಕಷ್ಟಪಡುವವರಿಗೆ ಅನ್ನ ನುಣ್ಣಗಾಗಬೇಕು, ಕೂರಿಸಿಯೇ ಉಣಿಸಬೇಕು. ಮಲಗಿಸಿ ಉಣಿಸಿದರೆ ಅಗುಳು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವವರು ಕಡಿಮೆ. ಒಬ್ಬೊಬ್ಬರ ಬಿ.ಪಿ., ಸಕ್ಕರೆ, ಹೃದಯದ ಮಾತ್ರೆಗಳು ಅದಲುಬದಲಾಗಬಾರದು. ಇವೆಲ್ಲಕ್ಕಿಂತ ಹೆಚ್ಚಿನ ದುಡಿಮೆ ಬೇಡುವುದು ಒಗೆಯುವ ಮನೆ. ಮಲಮೂತ್ರದ ಹಿಡಿತ ತಪ್ಪಿದವರ ಹಾಸಿಗೆ ಬಟ್ಟೆ ಎಷ್ಟು ಸಲ ಒದ್ದೆಯಾದರೂ ಅಷ್ಟು ಸಲ ಒಣಗಿದ್ದು ಸಿದ್ಧವಿರಬೇಕು. ವೃದ್ಧಾಶ್ರಮ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಅಂಗಳದ ಹೂಗಿಡ ನೋಡಬೇಕಾಗಿಲ್ಲ, ಮಧ್ಯಾಹ್ನ ಮೂರು ಗಂಟೆಗೆ ಶುಶ್ರೂಷಾ ವಿಭಾಗದ ಬಾಗಿಲಲ್ಲಿ ನಿಂತರೆ ಮೂಗೇ ಹೇಳುತ್ತದೆ.

ಸಂಘ ಎಲ್ಲ ಕಡೆಯೂ ಬಿಡದೆ ಪಾಲಿಸಿದ ಇನ್ನೊಂದು ನಿಯಮವಿದೆ. ಸಾವು ಹತ್ತಿರವಾದಾಗ ಆ ವ್ಯಕ್ತಿಯ ಮಂಚದ ಬಳಿ ಹಗಲಿರುಳೂ ಯಾರಾದರೊಬ್ಬ ಸೋದರಿ ಇರುತ್ತಾರೆ. ಈ ಮನೆಗಳಲ್ಲಿ ಯಾರೂ ಒಂಟಿಯಾಗಿ ಸಾಯಬಾರದು ಎಂಬ ಪಣ ಅದು. ಉಪಶಾಮಕ ಚಿಕಿತ್ಸೆ ವೈದ್ಯಶಾಸ್ತ್ರದ ಒಂದು ಶಾಖೆಯಾಗುವ ನೂರು ವರ್ಷ ಮೊದಲೇ ಇವರು ಅದರ ತಿರುಳನ್ನು ಹಿಡಿದಿದ್ದರು.

1949ರಿಂದ 2009: ಕಾಲ ಬದಲಾದಂತೆ

1949ರಲ್ಲಿ ದಂಡು, ಪೇಟೆಗಳೆರಡೂ ಸೇರಿ ಒಂದೇ ನಗರಪಾಲಿಕೆಯಾಯಿತು. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳಷ್ಟು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ವಲಸೆ ಹೋದವು. ಕಾರ್ಖಾನೆಗಳ ಬೆಂಗಳೂರು, ಆಮೇಲೆ ಕಂಪ್ಯೂಟರಿನ ಬೆಂಗಳೂರು ಬಂತು. ಹೊಸೂರು ರಸ್ತೆಯ ಗದ್ದಲ ಏರಿತು. ಬಡವರ ಮುದಿತನ ಮಾತ್ರ ಕಡಿಮೆಯಾಗಲಿಲ್ಲ.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಎಲ್ಲ ಸಂಘಗಳೂ ತಮ್ಮ ಸಂಸ್ಥಾಪಕರ ಮೂಲ ಆಶಯಕ್ಕೆ ಮರಳಬೇಕೆಂದು ಕರೆ ಕೊಟ್ಟಿತು. ಪುಟ್ಟ ಸೋದರಿಯರಿಗೆ ಅದು ಜೀನ್ ಅವರ ಕಡೆಗೆ ಮರಳುವ ದಾರಿಯೇ ಆಯಿತು. ಸಾಲು ಮಂಚಗಳ ದೊಡ್ಡ ಹಜಾರಗಳ ಬದಲು ಒಬ್ಬರ ಅಥವಾ ಇಬ್ಬರ ಕೋಣೆಗಳು, ದೊಡ್ಡ ಮನೆಗಳ ಬದಲು ಚಿಕ್ಕ ಮನೆಗಳು, ದಂಪತಿಗಳು ಜೊತೆಗಿರುವ ಅನುಕೂಲ, ಮುದುಕರಿಗೂ ಮನೆಯ ನಿರ್ಧಾರಗಳಲ್ಲಿ ಮಾತು: ಇವು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವೇಗದಲ್ಲಿ ಬಂದವು. ಸೋದರಿಯರ ಸಂಖ್ಯೆ ಇಳಿಯುತ್ತ ಬಂದು ಯುರೋಪ್, ಅಮೆರಿಕಗಳಲ್ಲಿ ಹಲವು ಮನೆಗಳನ್ನು ಮುಚ್ಚಬೇಕಾಯಿತು. ಸಂಬಳದ ದಾದಿಯರು, ಆಯಾಗಳು, ಸ್ವಯಂಸೇವಕರು ಸೋದರಿಯರ ಜೊತೆಗೂಡಿದರು. ಕೈ ಬದಲಾದರೂ ರೀತಿ ಬದಲಾಗದಂತೆ ನೋಡಿಕೊಳ್ಳುವುದು ಈ ಕಾಲದ ಆಡಳಿತಗಾರರ ಮುಂದಿರುವ ಕಠಿಣ ಕೆಲಸ. ಅದರಲ್ಲಿ ಅವರು ಬಹುಮಟ್ಟಿಗೆ ಗೆದ್ದಿದ್ದಾರೆ ಎಂದೇ ನಾನು ಭಾವಿಸುತ್ತೇನೆ.

1982ರ ಅಕ್ಟೋಬರ್ 3ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರು ಜೀನ್ ಜುಗಾನ್ ಅವರನ್ನು ಧನ್ಯರ ಸಾಲಿಗೆ ಸೇರಿಸಿದರು. 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು ಸಂತ ಪದವಿ ಘೋಷಿಸಿದರು. ಇಂದು ಸಂಘದ ಮನೆಗಳು ಸುಮಾರು 30 ದೇಶಗಳಲ್ಲಿವೆ.

ಇಂದಿನ ಅಗತ್ಯ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರಷ್ಟು. ಆಮೇಲೆ ಈ ಪಾಲು ಏರುತ್ತಲೇ ಇದೆ. 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಮರೆವಿನ ಕಾಯಿಲೆಯವರ ಆರೈಕೆ ಹಳೆಯ ಬಗೆಯ ವೃದ್ಧಾಶ್ರಮಕ್ಕೆ ಹೊಸ ಪರೀಕ್ಷೆ. ಸಂಜೆಯಾದರೆ ಕಳವಳ ಹೆಚ್ಚಾಗುವುದು, ಮನೆಗೆ ಹೋಗಬೇಕೆಂದು ಬಾಗಿಲಿಗೆ ಬರುವುದು, ಉಂಡದ್ದು ಮರೆತು ಮತ್ತೆ ಕೇಳುವುದು ಇವನ್ನು ನಿಭಾಯಿಸಲು ತಾಳ್ಮೆಯ ಜೊತೆಗೆ ತರಬೇತಿಯೂ ಬೇಕು, ಜನವೂ ಹೆಚ್ಚು ಬೇಕು.

ಸರ್ಕಾರ ಸುಮ್ಮನೆ ಕೂತಿಲ್ಲ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಮಕ್ಕಳಿಂದ ಪೋಷಣಾ ವೆಚ್ಚ ಕೇಳುವ ಹಕ್ಕನ್ನು ಕೊಟ್ಟಿತು. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಅದೇ ವರ್ಷ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಆರಂಭವಾಯಿತು. ಹಿರಿಯರ ಸಹಾಯವಾಣಿ 14567 ಬಂದಿದೆ. ಕಾಯ್ದೆಯ 19ನೆಯ ಕಲಮು ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಕಾಗುವಂಥ ಆಶ್ರಮವನ್ನು ರಾಜ್ಯಗಳು ತೆರೆಯಬಹುದು ಎನ್ನುತ್ತದೆ. ಅಂಥ ಮನೆಗಳನ್ನು ತೆರೆಯುವವರೂ ನಡೆಸುವವರೂ ಕಟ್ಟಡದ ಅಂದಾಜುಪಟ್ಟಿಗೆ ಮೊದಲು ಮೇಲೆ ಹೇಳಿದ ಶುಶ್ರೂಷಾ ವಿಭಾಗ, ಒಗೆಯುವ ಮನೆ, ರಾತ್ರಿ ಪಾಳಿ ಇವುಗಳ ಲೆಕ್ಕ ಹಾಕಬೇಕು. ಪುಟ್ಟ ಸೋದರಿಯರ ದೀರ್ಘ ಅನುಭವ ಅವರಿಗೆ ದೊರಕಬೇಕು.

ಈ ಬರಹವನ್ನು ಓದಿದವರಲ್ಲಿ ಒಂದು ವಿನಂತಿ. ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ಹೊತ್ತಿನ ಊಟ ಕೊಟ್ಟು ಹೋಗುವವರು ಬೆಂಗಳೂರಿನಲ್ಲಿ ಬಹಳ. ಅದು ಬೇಕು, ನಿಲ್ಲದಿರಲಿ. ಅದರ ಜೊತೆಗೆ ದೊಡ್ಡವರ ಡಯಾಪರು, ಸೋಪು, ಮೆತ್ತನೆಯ ಹಳೆ ಹತ್ತಿ ಸೀರೆ, ರಬ್ಬರು ಹಾಸು, ಕನ್ನಡಕದ ಖರ್ಚು ಇವನ್ನೂ ನೆನೆಯಿರಿ. ನಿಮ್ಮ ಊರಿನಲ್ಲಿರುವ ವೃದ್ಧಾಶ್ರಮ ಯಾವುದೇ ಇರಲಿ, ಅಲ್ಲಿಗೆ ವಾರಕ್ಕೊಮ್ಮೆ ಹೋಗಿ. ಒಬ್ಬ ಅಜ್ಜನಿಗೆ ಪತ್ರಿಕೆ ಓದಿ ಹೇಳಿ, ಒಬ್ಬ ಅಜ್ಜಿಯ ತಲೆ ಬಾಚಿ, ಸೋದರಿಯರು ಬುಟ್ಟಿ ಹಿಡಿದು ನಿಮ್ಮ ಅಂಗಡಿಗೆ ಬಂದಾಗ ಅವರನ್ನು ಕಾಯಿಸಬೇಡಿ.